ಸಬ್ಬಕ್ಕಿಯಂಥ ಕಾಳು ಮತ್ತು ಮೂರನೇ ಬಾಣ

ಕಳೆದ ವರ್ಷದ ಮಹಿಳಾ ದಿನಾಚರಣೆಯಲ್ಲಿ ನಮ್ಮ ವೇದಿಕೆಯಲ್ಲಿ ನಾನು ಹತ್ತು ನಿಮಿಷ ಮಾತಾಡಿದ್ದೆ. ವಿಷಯ ಪ್ಲಾಸ್ಟಿಕ್. ಕೊನೆಯ ಸ್ಲೈಡಿನಲ್ಲಿ ಮೂರು ಬಾಣಗಳಿದ್ದವು. ನೀರಿನಲ್ಲಿರುವ ವಿಷ ಪ್ಲಾಸ್ಟಿಕ್ ಚೂರಿಗೆ ಅಂಟಿಕೊಳ್ಳುತ್ತದೆ. ಆ ಚೂರನ್ನು ಮೀನು ತಿನ್ನುತ್ತದೆ. ಆ ಮೀನಿನಿಂದ ವಿಷ ನಮ್ಮ ಹೊಟ್ಟೆಗೆ ಬರುತ್ತದೆ. ಚಪ್ಪಾಳೆ ಬಿತ್ತು. ನಾನೂ ಖುಷಿಯಲ್ಲೇ ಕೆಳಗಿಳಿದೆ.

ಚಹಾ ಹೊತ್ತಿನಲ್ಲಿ ನಮ್ಮ ಹಿರಿಯ ಸದಸ್ಯೆಯೊಬ್ಬರು ನನ್ನ ಕೈ ಹಿಡಿದುಕೊಂಡರು. ಮಲ್ಪೆ ಕಡೆಯವರು. ಎರಡು ತಲೆಮಾರಿನಿಂದ ಅವರ ಮನೆಯವರದ್ದು ಮುಂಬಯಿಯಲ್ಲಿ ಮೀನಿನ ವ್ಯಾಪಾರ. "ಅಲ್ಲ ಮಾರಾಯ್ತಿ, ನೀನು ಓದಿದವಳು, ಸುಳ್ಳು ಹೇಳುವವಳಲ್ಲ ಅಂತ ಗೊತ್ತುಂಟು. ಆದರೆ ಆ ಮೂರನೇ ಬಾಣ ಹಾಕಿದ್ದೀಯಲ್ಲ, ಅದನ್ನು ಯಾರಾದರೂ ಅಳೆದು ನೋಡಿದ್ದಾರಾ? ನಾಳೆಯಿಂದ ನಮ್ಮ ಹತ್ತಿರ ಮೀನು ತೆಗೆದುಕೊಳ್ಳುವವರು ಕೇಳಿದರೆ ನಾನು ಏನು ಹೇಳಲಿ?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಆ ಬಾಣವನ್ನು ನಾನು ಎಲ್ಲಿಂದಲೋ ತೆಗೆದು ಅಂಟಿಸಿದ್ದೆ, ಅಷ್ಟೆ.

ನಾಚಿಕೆಗೆ ಇನ್ನೊಂದು ಕಾರಣವೂ ಇತ್ತು. ಈಗ ನನ್ನ ಹೊಟ್ಟೆಪಾಡು ಸಾಫ್ಟ್‌ವೇರ್ ಆದರೂ ಎಂ.ಟೆಕ್.ನಲ್ಲಿ ನಾನು ಮಾಡಿದ ಪ್ರಾಜೆಕ್ಟು ಇದೇ ಜಾತಿಯದ್ದು. ಬಟ್ಟೆ ಬಣ್ಣದ ಕಾರ್ಖಾನೆಯ ನೀರಿನಿಂದ ಬಣ್ಣವನ್ನು ಇದ್ದಿಲ ಪುಡಿಗೆ ಅಂಟಿಸಿ ತೆಗೆಯುವುದು. ಎಷ್ಟು ಪುಡಿಗೆ ಎಷ್ಟು ಬಣ್ಣ, ಎಷ್ಟು ಹೊತ್ತಿಗೆ ಎಂದು ಒಂದೂವರೆ ವರ್ಷ ಅಳೆದವಳು ನಾನು. ಅಳೆಯದೆ ಬಾಣ ಬಿಡಬಾರದು ಎಂದು ನನಗೆ ಗೊತ್ತಿರಬೇಕಿತ್ತು. ಅದಕ್ಕೇ ಈ ಒಂದು ವರ್ಷ ಮಗಳು ಮಲಗಿದ ಮೇಲೆ ಸಿಕ್ಕ ಸಮಯದಲ್ಲಿ ಈ ವಿಷಯದ ಇತಿಹಾಸವನ್ನು ಹುಡುಕಿ ಓದಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದು ಆ ಹಿರಿಯರಿಗೆ ತಡವಾಗಿ ಕೊಡುತ್ತಿರುವ ಉತ್ತರವೂ ಹೌದು.

ಓದು ಶುರುವಾದದ್ದು ವರ್ಸೋವಾ ಬೀಚಿನಲ್ಲಿ. ಮಗಳು ಮರಳಿನಿಂದ ಏನನ್ನೋ ಹೆಕ್ಕಿ ತಂದು "ಅಮ್ಮಾ, ಸಬ್ಬಕ್ಕಿ!" ಎಂದಳು. ನೋಡಿದರೆ ನಿಜವಾಗಿಯೂ ಸಬ್ಬಕ್ಕಿಯ ಹಾಗೆಯೇ ಇತ್ತು. ಕೆಲವು ಹಾಲಿನಂತೆ ಬಿಳಿ, ಕೆಲವು ಹಳದಿಗೆ ತಿರುಗಿದವು. ಪ್ಲಾಸ್ಟಿಕ್ ವ್ಯಾಪಾರದವರು ಇದಕ್ಕೆ 'ದಾಣಾ' ಎನ್ನುತ್ತಾರೆ. ನಮ್ಮ ಬಕೆಟ್ಟು, ಕೊಡ, ಟಿಫಿನ್ ಡಬ್ಬಿ ಎಲ್ಲವೂ ಮೊದಲು ಈ ದಾಣಾ ಆಗಿಯೇ ಚೀಲಗಳಲ್ಲಿ ಕಾರ್ಖಾನೆಗೆ ಬರುವುದು. ಚೀಲ ಹರಿದಾಗ, ಲಾರಿಯಿಂದ ಇಳಿಸುವಾಗ, ಹಡಗಿನಿಂದ ಬಿದ್ದಾಗ ಒಂದಿಷ್ಟು ಚೆಲ್ಲುತ್ತದೆ. ಚರಂಡಿ, ನಾಲೆ, ಖಾಡಿ ದಾಟಿ ಸಮುದ್ರ ಸೇರುತ್ತದೆ. ಈ ದಾಣಾವೇ ನಮ್ಮ ಕಥೆಯ ನಾಯಕನೂ ಹೌದು, ಖಳನಾಯಕನೂ ಹೌದು.

1933ರ ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡಿನ ಚೆಷೈರ್ ಪ್ರಾಂತ್ಯದ ವಿನ್ನಿಂಗ್ಟನ್ ಎಂಬ ಊರಿನ ಐಸಿಐ ಪ್ರಯೋಗಾಲಯದಲ್ಲಿ ಎರಿಕ್ ಫಾಸೆಟ್ ಮತ್ತು ರೆಜಿನಾಲ್ಡ್ ಗಿಬ್ಸನ್ ಎಂಬ ಇಬ್ಬರು ಎಥಿಲೀನ್ ಅನಿಲವನ್ನು ಭಾರೀ ಒತ್ತಡದಲ್ಲಿಟ್ಟು ಬೇರೇನನ್ನೋ ಮಾಡಲು ಹೊರಟಿದ್ದರು. ಅಂದುಕೊಂಡದ್ದು ಆಗಲಿಲ್ಲ. ಪಾತ್ರೆಯ ಒಳಗೆ ಮೇಣದಂಥ ಬಿಳಿ ಪದಾರ್ಥ ಉಳಿದಿತ್ತು. ಅದೇ ಪಾಲಿಥೀನ್. 1939ರಲ್ಲಿ ಕಾರ್ಖಾನೆಯಲ್ಲಿ ತಯಾರಿಕೆ ಶುರುವಾಯಿತು. ಯುದ್ಧದಲ್ಲಿ ಅದನ್ನು ಬಳಸಿದ್ದು ರೇಡಾರಿನ ತಂತಿಗಳ ಹೊದಿಕೆಗೆ. ಯಾಕೆಂದರೆ ಅದು ನೀರನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಮುಂದೆ ಅದು ಮನೆಮನೆಗೆ ಬಂದದ್ದೂ ಇದೇ ಗುಣದಿಂದ. ಸಮುದ್ರದಲ್ಲಿ ಅದು ತೊಂದರೆಯಾದದ್ದೂ ಇದೇ ಗುಣದಿಂದ.

ಇದನ್ನು ಅಡುಗೆಮನೆಯಲ್ಲೇ ನೋಡಬಹುದು. ಸ್ಟೀಲ್ ಡಬ್ಬಿಯಲ್ಲಿ ಹುಳಿ ಇಟ್ಟರೆ ತೊಳೆದ ಮೇಲೆ ಡಬ್ಬಿ ಮೊದಲಿನಂತೆ ಆಗುತ್ತದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟರೆ ಅರಿಶಿನದ ಹಳದಿ, ಒಗ್ಗರಣೆ ಎಣ್ಣೆಯ ಕೆಂಪು ಅದಕ್ಕೆ ಹತ್ತಿಬಿಡುತ್ತದೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಅರಿಶಿನದ ಬಣ್ಣಕ್ಕೆ ನೀರಿಗಿಂತ ಎಣ್ಣೆ ಪ್ರಿಯ. ಪ್ಲಾಸ್ಟಿಕ್ಕಾದರೋ ಒಂದು ರೀತಿಯಲ್ಲಿ ಗಟ್ಟಿಯಾದ ಎಣ್ಣೆಯೇ. ಬಣ್ಣ ಅದರ ಮೈಮೇಲೆ ಕೂತುಕೊಳ್ಳುವುದಷ್ಟೇ ಅಲ್ಲ, ಒಳಗೂ ಇಳಿಯುತ್ತದೆ. ನೀರಿನಲ್ಲಿ ಕರಗಲು ಒಲ್ಲದ, ಕೊಬ್ಬು-ಎಣ್ಣೆಯನ್ನು ಹುಡುಕಿಕೊಂಡು ಹೋಗುವ ಯಾವ ರಾಸಾಯನಿಕವಾದರೂ ಸಮುದ್ರದಲ್ಲಿ ಪ್ಲಾಸ್ಟಿಕ್ ಚೂರು ಕಂಡರೆ ಇದನ್ನೇ ಮಾಡುತ್ತದೆ. ಡಿಡಿಟಿ ಅಂಥದ್ದು. ಅದಕ್ಕಿಂತ ದೊಡ್ಡ ಉದಾಹರಣೆ ಪಿಸಿಬಿ ಎಂಬ ಕ್ಲೋರಿನ್ ಸಂಯುಕ್ತಗಳ ಗುಂಪು. 1929ರಿಂದ ಅಮೆರಿಕದಲ್ಲಿ ಇದರ ವಾಣಿಜ್ಯ ತಯಾರಿಕೆ ಶುರುವಾಯಿತು. ಬೆಂಕಿ ಹಿಡಿಯುವುದಿಲ್ಲ, ಕೆಡುವುದಿಲ್ಲ, ವಿದ್ಯುತ್ತನ್ನು ತಡೆಯುತ್ತದೆ ಎಂದು ಟ್ರಾನ್ಸ್‌ಫಾರ್ಮರುಗಳಲ್ಲಿ, ಕೆಪಾಸಿಟರುಗಳಲ್ಲಿ, ಬಣ್ಣಗಳಲ್ಲಿ ಧಾರಾಳವಾಗಿ ಬಳಸಿದರು.

ಪಿಸಿಬಿ ಕಾರ್ಖಾನೆಯಿಂದ ಹೊರಬಿದ್ದು ಪ್ರಕೃತಿಯಲ್ಲಿ ಓಡಾಡುತ್ತಿದೆ ಎಂದು ಮೊದಲು ಕಂಡುಕೊಂಡವರು ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಸೋರೆನ್ ಯೆನ್ಸೆನ್. ಈ ಕಥೆ ನನಗೆ ಬಹಳ ಇಷ್ಟ. ಅವರು ಹುಡುಕುತ್ತಿದ್ದದ್ದು ಡಿಡಿಟಿಯನ್ನು. ಆದರೆ ಯಂತ್ರ ಬರೆದ ಗೆರೆಯಲ್ಲಿ ಡಿಡಿಟಿಯ ಪಕ್ಕದಲ್ಲಿ ಯಾರದೆಂದು ತಿಳಿಯದ ಉಬ್ಬುಗಳು ಮತ್ತೆ ಮತ್ತೆ ಬರುತ್ತಿದ್ದವು. ಬೇರೆಯವರಾಗಿದ್ದರೆ ಯಂತ್ರದ ದೋಷ ಎಂದು ಬಿಟ್ಟುಬಿಡುತ್ತಿದ್ದರೇನೋ. ಇವರು ವಸ್ತುಸಂಗ್ರಹಾಲಯಕ್ಕೆ ಹೋಗಿ ಹಳೆಯ ಹದ್ದುಗಳ ಗರಿಗಳನ್ನು ತಂದು ಪರೀಕ್ಷೆ ಮಾಡಿದರು. 1944ರ ಹದ್ದಿನಲ್ಲೂ ಅವೇ ಉಬ್ಬುಗಳು. ಡಿಡಿಟಿ ಹೊಲಗದ್ದೆಗಳಿಗೆ ವ್ಯಾಪಕವಾಗಿ ಬರುವ ಮೊದಲಿನ ಹದ್ದು ಅದು. ಅಂದರೆ ಇದು ಡಿಡಿಟಿಯ ಬಂಧು ಅಲ್ಲ, ಬೇರೆಯೇ ಯಾರೋ. ತಮ್ಮ ಹೆಂಡತಿಯ ಮತ್ತು ಪುಟ್ಟ ಮಗಳ ಕೂದಲನ್ನೂ ಅವರು ಪರೀಕ್ಷಿಸಿದರು. ಅಲ್ಲಿಯೂ ಅದೇ ಇತ್ತು. 1966ರಲ್ಲಿ ಇದನ್ನು ಪ್ರಕಟಿಸಿದರು. ಮಗಳ ಕೂದಲನ್ನು ಯಂತ್ರಕ್ಕೆ ಹಾಕಿ ಉತ್ತರಕ್ಕಾಗಿ ಕಾದ ಆ ಹೊತ್ತಿನಲ್ಲಿ ಅವರಿಗೆ ಏನನ್ನಿಸಿರಬಹುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಈಗ ಎರಡು ದಾರಿಗಳು ಸೇರುವ ಜಾಗಕ್ಕೆ ಬರೋಣ. 1971ರಲ್ಲಿ ಅಮೆರಿಕದ ವುಡ್ಸ್ ಹೋಲ್ ಸಮುದ್ರವಿಜ್ಞಾನ ಸಂಸ್ಥೆಯ ಎಡ್ವರ್ಡ್ ಕಾರ್ಪೆಂಟರ್ ಅಟ್ಲಾಂಟಿಕ್‌ನ ಸರ್ಗಾಸೋ ಸಮುದ್ರದಲ್ಲಿ ತೇಲುವ ಪಾಚಿ ಹಿಡಿಯಲು ಬಲೆ ಎಳೆಯುತ್ತಿದ್ದರು. ಪಾಚಿಯ ಜೊತೆಗೆ ಪ್ಲಾಸ್ಟಿಕ್ ಚೂರುಗಳೂ ಬಂದವು. ಹತ್ತಿರದಲ್ಲಿ ಊರಿಲ್ಲ, ಕೇರಿಯಿಲ್ಲ, ನಡುಸಮುದ್ರ. ಲೆಕ್ಕ ಹಾಕಿದಾಗ ಚದರ ಕಿಲೋಮೀಟರಿಗೆ ಸರಾಸರಿ 3500 ಚೂರು, ತೂಕ 290 ಗ್ರಾಂ. 1972ರ ಮಾರ್ಚ್‌ನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದು ಬಂತು. ಅದೇ ವರ್ಷದ ನವೆಂಬರಿನಲ್ಲಿ ಅವರೂ ಅವರ ಸಂಗಡಿಗರೂ ಇನ್ನೊಂದು ಪುಟ್ಟ ಲೇಖನ ಬರೆದರು. ನ್ಯೂ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ನೀರಿನಲ್ಲಿ ಸುಮಾರು ಅರ್ಧ ಮಿಲಿಮೀಟರಿನ ಪಾಲಿಸ್ಟೈರೀನ್ ಗುಂಡುಗಳು ಸಿಕ್ಕಿದ್ದವು. ಹದಿನಾಲ್ಕು ಜಾತಿಯ ಮೀನುಗಳನ್ನು ನೋಡಿದರೆ ಎಂಟು ಜಾತಿಗಳ ಹೊಟ್ಟೆಯಲ್ಲಿ ಈ ಗುಂಡುಗಳು, ಅದರಲ್ಲೂ ಬಿಳಿಯವನ್ನೇ ಆರಿಸಿ ತಿಂದಿದ್ದವು. ಗುಂಡುಗಳ ಮೈಮೇಲೆ ಬ್ಯಾಕ್ಟೀರಿಯಾ ಇದ್ದವು. ಪಿಸಿಬಿಯೂ ಇತ್ತು, ದಶಲಕ್ಷಕ್ಕೆ ಐದು ಭಾಗದಷ್ಟು. ಇದು ಸುತ್ತಲಿನ ಸಮುದ್ರದ ನೀರಿನಿಂದ ಹೀರಿಕೊಂಡದ್ದಿರಬೇಕು ಎಂದು ಅವರು ಬರೆದರು.

ನೋಡಿ, 1972ರಲ್ಲೇ ನನ್ನ ಸ್ಲೈಡಿನ ಮೊದಲ ಎರಡು ಬಾಣಗಳು ಮುದ್ರಣವಾಗಿದ್ದವು. ನಾನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು. ಆಗ ನಮ್ಮ ಅಜ್ಜಿಯ ಮನೆಯಲ್ಲಿ ಪ್ಲಾಸ್ಟಿಕ್ ಎಂದರೆ ಒಂದು ಬಾಚಣಿಗೆ, ರೇಡಿಯೋದ ಗುಂಡಿ, ಅಷ್ಟೇ ಇದ್ದಿರಬೇಕು.

ಆದರೆ ಆಮೇಲೆ ಸುಮಾರು ಮೂವತ್ತು ವರ್ಷ ಈ ವಿಷಯದಲ್ಲಿ ಹೆಚ್ಚೇನೂ ನಡೆಯಲಿಲ್ಲ. ಅಮೆರಿಕ 1979ರಲ್ಲಿ ಪಿಸಿಬಿ ತಯಾರಿಕೆಯನ್ನು ನಿಷೇಧಿಸಿತು. ದಕ್ಷಿಣ ಆಫ್ರಿಕಾದ ಪೀಟರ್ ರಯಾನ್ ಮತ್ತು ಜೊತೆಗಾರರು 1988ರಲ್ಲಿ ಕಡಲಹಕ್ಕಿಗಳ ಹೊಟ್ಟೆಯ ಪ್ಲಾಸ್ಟಿಕ್ಕಿಗೂ ಕೊಬ್ಬಿನಲ್ಲಿರುವ ಪಿಸಿಬಿಗೂ ಸಂಬಂಧವಿದೆಯೇ ಎಂದು ಕೇಳಿ, ಇರುವಂತೆ ಕಾಣುತ್ತದೆ ಎಂದರು. ಅದು ಬಿಟ್ಟರೆ ಪ್ಲಾಸ್ಟಿಕ್ ಎಂದರೆ ಆಮೆಯ ಕುತ್ತಿಗೆಗೆ ಸಿಕ್ಕಿಕೊಳ್ಳುವ ದಾರ, ಬೀಚಿನ ಕಸ ಎಂಬಷ್ಟಕ್ಕೇ ಮಾತು ನಿಂತಿತ್ತು. ತಮಾಷೆಯೆಂದರೆ ಇದೇ ಹೊತ್ತಿಗೆ ನೀರಿನ ಮಾಲಿನ್ಯ ಅಳೆಯುವ ರಸಾಯನಶಾಸ್ತ್ರಜ್ಞರು ಬೇಕೆಂದೇ ಪಾಲಿಥೀನ್ ಹಾಳೆಯನ್ನು ನದಿಯಲ್ಲಿ ತೂಗುಹಾಕಿ, ವಾರಗಟ್ಟಲೆ ಬಿಟ್ಟು, ಹೊರತೆಗೆದು ಅದರೊಳಗೆ ಸೇರಿದ ವಿಷವನ್ನು ಅಳೆಯುತ್ತಿದ್ದರು. ನೀರಿನಲ್ಲಿ ತೀರಾ ಕಡಿಮೆ ಇರುವುದನ್ನು ಪಾಲಿಥೀನ್ ಒಟ್ಟುಗೂಡಿಸಿ ಕೊಡುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಒಂದು ಕೋಣೆಯವರಿಗೆ ಅದು ಉಪಕರಣ, ಪಕ್ಕದ ಕೋಣೆಯವರಿಗೆ ಕಸ. ಐಟಿ ಕಂಪನಿಗಳಲ್ಲಿ ಕೆಲಸ ಮಾಡುವವರಿಗೆ ಇದು ಹೊಸದೇನಲ್ಲ. ನಮ್ಮಲ್ಲೂ ಒಂದು ಟೀಮು ಬಗ್ ಎಂದು ಬರೆದದ್ದನ್ನು ಇನ್ನೊಂದು ಟೀಮು ಫೀಚರ್ ಎಂದು ಮಾರುತ್ತದೆ.

ಮೌನ ಮುರಿದದ್ದು ಟೋಕಿಯೋದಲ್ಲಿ. ಟೋಕಿಯೋ ಕೃಷಿ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಹಿದೆಶಿಗೆ ತಕಾದ ಅವರ ಪ್ರಯೋಗಾಲಯದಲ್ಲಿ ಯುಕಿಯೆ ಮಾತೋ ಮೊದಲಾದವರು 2001ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಜಪಾನಿನ ನಾಲ್ಕು ಕಡಲತೀರಗಳಿಂದ ಪಾಲಿಪ್ರೊಪಿಲೀನ್ ದಾಣಾ ಹೆಕ್ಕಿದರು. ಗ್ರಾಂ ದಾಣಾದಲ್ಲಿ 4ರಿಂದ 117 ನ್ಯಾನೋಗ್ರಾಂ ಪಿಸಿಬಿ ಸಿಕ್ಕಿತು. ಸುತ್ತಲಿನ ನೀರಿಗೆ ಹೋಲಿಸಿದರೆ ಲಕ್ಷದಿಂದ ಹತ್ತು ಲಕ್ಷ ಪಟ್ಟು ಹೆಚ್ಚು! ಆಮೇಲೆ ಅವರು ಮಾಡಿದ ಕೆಲಸ ನನ್ನಂಥ ಪ್ರಾಜೆಕ್ಟು ಹುಡುಗಿಗೆ ಹೊಟ್ಟೆಕಿಚ್ಚು ಬರುವಷ್ಟು ಸರಳ. ಕಾರ್ಖಾನೆಯಿಂದ ಬಂದ ಹೊಸ ದಾಣಾವನ್ನು ಟೋಕಿಯೋ ಕೊಲ್ಲಿಯ ನೀರಿನಲ್ಲಿ ಆರು ದಿನ ಬಿಟ್ಟರು, ದಿನದಿನಕ್ಕೆ ಅಳೆದರು. ಪಿಸಿಬಿ, ಡಿಡಿಟಿಯಿಂದ ಹುಟ್ಟುವ ಡಿಡಿಇ ಎರಡೂ ಏರುತ್ತಲೇ ಹೋದವು. ನೀರಿನಿಂದಲೇ ಬರುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಆದರೆ ಮೂರನೆಯ ರಾಸಾಯನಿಕವೊಂದು, ನೊನೈಲ್‌ಫಿನಾಲ್, ಹೀಗೆ ನಡೆದುಕೊಳ್ಳಲಿಲ್ಲ. ಅದು ಪ್ಲಾಸ್ಟಿಕ್ ತಯಾರಿಸುವಾಗಲೇ ಸೇರಿಸಿದ ವಸ್ತುಗಳಿಂದ ಬಂದದ್ದು ಎಂದು ಅವರು ತೀರ್ಮಾನಿಸಿದರು. ಈ ವ್ಯತ್ಯಾಸವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಹೊರಗಿನಿಂದ ಹತ್ತಿದ್ದು ಒಂದು, ಒಳಗೇ ಹುಟ್ಟಿದ್ದು ಇನ್ನೊಂದು. ನನ್ನ ಸ್ಲೈಡಿನಲ್ಲಿ ಎರಡನೆಯದು ಇರಲೇ ಇಲ್ಲ.

2005ರಲ್ಲಿ ತಕಾದ ಅವರು ಇನ್ನೊಂದು ಉಪಾಯ ಮಾಡಿದರು. ಸಮುದ್ರದ ನೀರನ್ನು ಊರೂರಿನಿಂದ ತರಿಸಿ ಅಳೆಯುವುದು ದುಬಾರಿ. ದಾಣಾ ಆದರೆ ಲಕೋಟೆಯಲ್ಲಿ ಅಂಚೆಗೆ ಹಾಕಬಹುದು. ಜಗತ್ತಿನ ಯಾರಾದರೂ ತಮ್ಮ ಊರಿನ ಬೀಚಿನಿಂದ ನೂರು ಇನ್ನೂರು ದಾಣಾ ಹೆಕ್ಕಿ, ಅಲ್ಯೂಮಿನಿಯಂ ಫಾಯಿಲಿನಲ್ಲಿ ಸುತ್ತಿ ಕಳಿಸಿ, ನಾವು ಪರೀಕ್ಷಿಸಿ ಫಲಿತಾಂಶ ತಿಳಿಸುತ್ತೇವೆ ಎಂದರು. ಇದೇ 'ಇಂಟರ್‌ನ್ಯಾಷನಲ್ ಪೆಲೆಟ್ ವಾಚ್'. 2009ರಲ್ಲಿ ಮೊದಲ ಫಲಿತಾಂಶ ಬಂದಾಗ 17 ದೇಶಗಳ 30 ಬೀಚುಗಳ ದಾಣಾ ಸೇರಿದ್ದವು. ಪಿಸಿಬಿ ಅಮೆರಿಕದ ತೀರದಲ್ಲಿ ಅತಿ ಹೆಚ್ಚು, ನಂತರ ಪಶ್ಚಿಮ ಯುರೋಪು ಮತ್ತು ಜಪಾನು. ಉಷ್ಣವಲಯದ ಏಷ್ಯಾದಲ್ಲಿ ಕಡಿಮೆ. ಡಿಡಿಟಿ ಅಮೆರಿಕದ ಪಶ್ಚಿಮ ತೀರದಲ್ಲಿ ಮತ್ತು ವಿಯೆಟ್ನಾಮಿನಲ್ಲಿ ಹೆಚ್ಚು. ಯಾವ ದೇಶ ಯಾವ ವಿಷವನ್ನು ಎಷ್ಟು ಬಳಸಿತ್ತೆಂಬ ಲೆಕ್ಕಪುಸ್ತಕ ಆ ದೇಶದ ಮರಳಿನಲ್ಲೇ ಬಿದ್ದಿತ್ತು. ನಿಷೇಧವಾಗಿ ಮೂವತ್ತು ವರ್ಷವಾದರೂ ಪಿಸಿಬಿ ಅಲ್ಲಿಂದ ಹೋಗಿರಲಿಲ್ಲ.

ಅದೇ ಗುಂಪು 2005ರಲ್ಲಿ ದಾಣಾಗಳನ್ನು ಒಂದೊಂದಾಗಿಯೂ ಅಳೆದಿತ್ತು. ಒಂದೇ ಬೀಚಿನ ಪಕ್ಕಪಕ್ಕದ ಕಾಳುಗಳಲ್ಲಿ ಅಜಗಜಾಂತರ: ಒಂದರಲ್ಲಿ ಅಳತೆಗೇ ಸಿಗದಷ್ಟು ಕಡಿಮೆ, ಇನ್ನೊಂದರಲ್ಲಿ ಗ್ರಾಂಗೆ 2300 ನ್ಯಾನೋಗ್ರಾಂ. ಹಳದಿಗೆ ತಿರುಗಿದವುಗಳಲ್ಲಿ ಹೆಚ್ಚು. ಬಹಳ ಕಾಲ ಬಿಸಿಲು ನೀರು ಕಂಡ ಕಾಳು ಹಳದಿಯಾಗುತ್ತದೆ, ಅಷ್ಟು ಕಾಲ ಅದು ವಿಷವನ್ನೂ ಕೂಡಿಸಿರುತ್ತದೆ.

ನಮ್ಮ ಮುಂಬಯಿಗೂ ಈ ಇತಿಹಾಸದಲ್ಲಿ ಜಾಗವಿದೆ. ವರ್ಸೋವಾದಲ್ಲೇ ಇರುವ ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆಯ ಸಂಶೋಧಕರು ಇಲ್ಲಿನ ನಾಲ್ಕು ಬೀಚುಗಳಲ್ಲಿ ತಿಂಗಳುಗಟ್ಟಲೆ ದಾಣಾ ಹೆಕ್ಕಿ ಅದರಲ್ಲಿ ಕ್ಲೋರಿನ್ ಕೀಟನಾಶಕಗಳನ್ನೂ ಪಿಸಿಬಿಯನ್ನೂ ಹುಡುಕಿ, ಕಂಡು, ವರದಿ ಮಾಡಿದ್ದಾರೆ. ಭಾರತದಲ್ಲಿ ಡಿಡಿಟಿಯನ್ನು ಕೃಷಿಗೆ 1989ರಲ್ಲೇ ನಿಲ್ಲಿಸಿದರೂ ಮಲೇರಿಯಾ ಸೊಳ್ಳೆಗೆ ಸಿಂಪಡಿಸುವುದು ಮುಂದುವರಿಯಿತು. ಅದಕ್ಕೂ ಮೊದಲು, 2006ರಲ್ಲಿ, ಗುಜರಾತಿನ ಅಲಂಗ್ ಹಡಗು ಒಡೆಯುವ ಅಂಗಳದ ಕೆಸರಿನಲ್ಲಿ ಕಿಲೋಗೆ ಸರಾಸರಿ 81 ಮಿಲಿಗ್ರಾಂ ಪ್ಲಾಸ್ಟಿಕ್ ಚೂರು ಸಿಕ್ಕಿತ್ತು. ಊರಿನ ಕಡೆಯ ಸುದ್ದಿ ಬೇಕೆಂದರೆ, ಮಣಿಪಾಲದ ಸಂಶೋಧಕರು 2020ರಲ್ಲಿ ನೇತ್ರಾವತಿಯ ನೀರಿನಲ್ಲಿ ಘನಮೀಟರಿಗೆ ಸರಾಸರಿ 288 ಚೂರುಗಳನ್ನು ಎಣಿಸಿದ್ದಾರೆ. ಈ ಎರಡು ಎಣಿಕೆಗಳು ಪ್ಲಾಸ್ಟಿಕ್ಕಿನದ್ದು, ವಿಷದ್ದಲ್ಲ. ಎರಡನ್ನು ಒಂದೇ ಉಸಿರಿನಲ್ಲಿ ಹೇಳಿಬಿಡುವುದೇ ನಾನು ಮಾಡಿದ ತಪ್ಪು.

'ಮೈಕ್ರೋಪ್ಲಾಸ್ಟಿಕ್' ಎಂಬ ಮಾತು ಎಲ್ಲರ ಬಾಯಿಗೆ ಬಂದದ್ದು 2004ರಲ್ಲಿ ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ರಿಚರ್ಡ್ ಥಾಂಪ್ಸನ್ ಮತ್ತು ಸಂಗಡಿಗರು ಬರೆದ ಒಂದು ಪುಟದ ಲೇಖನದ ನಂತರ. ಅಲ್ಲಿಂದ ಪ್ರಯೋಗಗಳ ಸುಗ್ಗಿ. ಅದೇ ಪ್ಲಿಮತ್ತಿನಲ್ಲಿ ಎಮ್ಮಾ ಟ್ಯೂಟನ್ 2007ರಲ್ಲಿ ಹೊಗೆಯಲ್ಲೂ ಕಚ್ಚಾತೈಲದಲ್ಲೂ ಇರುವ ಫಿನಾಂಥ್ರೀನ್ ಎಂಬುದನ್ನು ತೆಗೆದುಕೊಂಡು ತೋರಿಸಿದರು: ಸಮುದ್ರದ ಕೆಸರಿಗಿಂತ ಪ್ಲಾಸ್ಟಿಕ್ ಅದನ್ನು ಬಹಳ ಹೆಚ್ಚು ಹಿಡಿಯುತ್ತದೆ, ಪ್ಲಾಸ್ಟಿಕ್‌ಗಳಲ್ಲಿ ಪಾಲಿಥೀನ್ ಎಲ್ಲಕ್ಕಿಂತ ಹೆಚ್ಚು. ಚೆಲ್ಸಿ ರಾಕ್‌ಮನ್ ಎಂಬ ಯುವ ವಿಜ್ಞಾನಿ ಅಮೆರಿಕದ ಸ್ಯಾನ್ ಡಿಯೇಗೋ ಕೊಲ್ಲಿಯಲ್ಲಿ ಐದು ಬಗೆಯ ದಾಣಾಗಳನ್ನು ಒಂದು ವರ್ಷ ನೇತುಹಾಕಿದರು. ಚೀಲ, ಡಬ್ಬಿ, ಮುಚ್ಚಳಗಳ ಪಾಲಿಥೀನ್ ಮತ್ತು ಪಾಲಿಪ್ರೊಪಿಲೀನ್ ಹೆಚ್ಚು ವಿಷ ಹೀರಿದವು. ನೀರಿನ ಬಾಟಲಿಯ ಪೆಟ್, ಪೈಪಿನ ಪಿವಿಸಿ ಕಡಿಮೆ. ಪಾಲಿಥೀನಿನ ಒಳಗೆ ಅಣುಸರಪಳಿಗಳು ಸಡಿಲವಾಗಿ, ರಬ್ಬರಿನ ಹಾಗೆ ಅಲುಗಾಡುತ್ತಿರುತ್ತವೆ. ಹೊರಗಿನ ಅಣು ನುಸುಳಿ ಒಳಗೆ ಹೋಗಲು ಸಂದು ಸಿಗುತ್ತದೆ. ಪೆಟ್ ಗಾಜಿನ ಹಾಗೆ ಬಿಗಿ. ಹೊಸ ಚೂರಿಗೂ ಹಳೆಯದಕ್ಕೂ ವ್ಯತ್ಯಾಸ ಇನ್ನೂ ಒಂದಿದೆ. ಬಿಸಿಲಿಗೆ ಪ್ಲಾಸ್ಟಿಕ್ಕಿನ ಮೈ ಬಿರಿದು, ಅಲ್ಲಿ ಆಮ್ಲಜನಕ ಸೇರಿ, ಮೇಲೆ ಲೋಳೆಯ ಪದರ ಬೆಳೆಯುತ್ತದೆ. ಆಗ ಮೊದಲು ಹತ್ತಿರ ಬಾರದಿದ್ದ ಸೀಸ, ಸತು, ತಾಮ್ರದಂಥ ಲೋಹಗಳೂ ಕೆಲವು ಆ್ಯಂಟಿಬಯಾಟಿಕ್‌ಗಳೂ ಅದಕ್ಕೆ ಅಂಟತೊಡಗುತ್ತವೆ.

ಇನ್ನು ಮೂರನೇ ಬಾಣ. ಇಲ್ಲಿ ವಿಜ್ಞಾನಿಗಳೇ ಎರಡು ಪಂಗಡವಾದರು. ರಾಕ್‌ಮನ್ 2013ರಲ್ಲಿ ಕೊಲ್ಲಿಯಲ್ಲಿ ನೆನೆದ ಪಾಲಿಥೀನನ್ನು ಜಪಾನಿನ ಗದ್ದೆಯ ಪುಟ್ಟ ಮೀನು ಮೆಡಾಕಕ್ಕೆ ಎರಡು ತಿಂಗಳು ತಿನ್ನಿಸಿದರು. ಮೀನಿನ ಮೈಗೆ ವಿಷ ಸೇರಿತು, ಯಕೃತ್ತು ಬಳಲಿತು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಆದರೆ ಆ ಮೀನುಗಳ ಆಹಾರದಲ್ಲಿ ತೂಕದ ಶೇಕಡ 10ರಷ್ಟು ಪ್ಲಾಸ್ಟಿಕ್ ಇತ್ತು. ಅಷ್ಟು ಪ್ಲಾಸ್ಟಿಕ್ ತಿನ್ನುವ ಮೀನು ಸಮುದ್ರದಲ್ಲಿ ಎಲ್ಲಿದೆ? ಅದೇ ವರ್ಷ ಇಂಗ್ಲೆಂಡಿನಲ್ಲಿ ಮಾರ್ಕ್ ಬ್ರೌನ್ ಮೊದಲಾದವರು ಕೆಸರಿನ ಹುಳುವಿನ ಮೇಲೆ ಪ್ರಯೋಗ ಮಾಡಿದಾಗ ಪ್ಲಾಸ್ಟಿಕ್ಕಿನಿಂದ ಹುಳುವಿಗೆ ವಿಷ ದಾಟಿದ್ದು ನಿಜ. ಆದರೆ ಬರೀ ಮರಳಿಗೆ ಅಂಟಿಸಿಟ್ಟ ವಿಷ ಇನ್ನೂ ಸುಲಭವಾಗಿ ದಾಟಿತು.

ನೆದರ್ಲೆಂಡ್ಸ್‌ನ ವಾಗೆನಿಂಗೆನ್ ವಿಶ್ವವಿದ್ಯಾಲಯದ ಆಲ್ಬರ್ಟ್ ಕೂಲ್ಮನ್ಸ್ ಮತ್ತು ಜೊತೆಗಾರರು 2016ರಲ್ಲಿ ಇದನ್ನೆಲ್ಲ ಗುಡ್ಡೆಹಾಕಿ ಲೆಕ್ಕಕ್ಕೆ ಕೂತರು. ಅವರ ವಾದ ನಮ್ಮ ಮನೆಯ ಲೆಕ್ಕದಂತೆಯೇ ಇದೆ. ಸಮುದ್ರದಲ್ಲಿ ಪಿಸಿಬಿ ಕೂತುಕೊಳ್ಳಲು ಪ್ಲಾಸ್ಟಿಕ್ ಒಂದೇ ಜಾಗವಲ್ಲ. ನೀರಿದೆ, ಕೆಸರಿದೆ, ಪಾಚಿಯಿದೆ, ಕೊಳೆತ ಎಲೆಯ ಕಣವಿದೆ, ಕೋಟ್ಯಂತರ ಸಣ್ಣ ಜೀವಿಗಳ ಕೊಬ್ಬಿದೆ. ಅವುಗಳ ಮುಂದೆ ಪ್ಲಾಸ್ಟಿಕ್ಕಿನ ಪಾಲು ಅತ್ಯಲ್ಪ. ಮೀನಿಗೆ ವಿಷ ಬರುವುದು ಬಹುಪಾಲು ಕಿವಿರಿನ ಮೂಲಕ ನೀರಿನಿಂದ ಮತ್ತು ತಿಂದ ಸಣ್ಣ ಮೀನಿನಿಂದ. ನಡುವೆ ಪ್ಲಾಸ್ಟಿಕ್ ಬಂದರೂ ಒಟ್ಟು ಲೆಕ್ಕ ಹೆಚ್ಚೇನೂ ಬದಲಾಗದು. ಮೀನಿನ ಮೈಯಲ್ಲೇ ವಿಷ ಹೆಚ್ಚಿದ್ದು ನುಂಗಿದ ಪ್ಲಾಸ್ಟಿಕ್ ಸ್ವಚ್ಛವಾಗಿದ್ದರೆ ವಿಷ ಮೀನಿನಿಂದ ಪ್ಲಾಸ್ಟಿಕ್ಕಿಗೂ ಹೋಗಬಹುದು! ಬಾಣ ಎರಡೂ ಕಡೆ ತಿರುಗುತ್ತದೆ. ಇದನ್ನು ಓದಿದ ರಾತ್ರಿ ನಾನು ನನ್ನ ಹಳೆಯ ಸ್ಲೈಡನ್ನು ತೆರೆದು ಬಹಳ ಹೊತ್ತು ನೋಡುತ್ತ ಕುಳಿತಿದ್ದೆ.

ಹಾಗೆಂದು ಪ್ಲಾಸ್ಟಿಕ್ಕಿಗೆ ಕ್ಲೀನ್ ಚಿಟ್ ಸಿಕ್ಕಿತೆಂದಲ್ಲ. ಹೊಟ್ಟೆಯೊಳಗಿನ ಪಿತ್ತರಸ ಸೋಪಿನ ಹಾಗೆ ಕೆಲಸ ಮಾಡುತ್ತದೆ. ಅಂಥ ರಸವಿದ್ದು ದೇಹ ಬೆಚ್ಚಗಿದ್ದರೆ ಪ್ಲಾಸ್ಟಿಕ್ಕಿನಿಂದ ವಿಷ ಬಿಟ್ಟುಕೊಳ್ಳುವ ವೇಗ ಸಮುದ್ರದ ನೀರಿಗಿಂತ 30 ಪಟ್ಟಿನವರೆಗೂ ಹೆಚ್ಚಬಹುದೆಂದು 2014ರ ಪ್ಲಿಮತ್ ಪ್ರಯೋಗ ತೋರಿಸಿತು. ತಕಾದ ಗುಂಪಿನವರು 2013ರಲ್ಲಿ ಉತ್ತರ ಪೆಸಿಫಿಕ್‌ನ ಹನ್ನೆರಡು ಕಡಲಹಕ್ಕಿಗಳನ್ನು ನೋಡಿದಾಗ ಮೂರರ ಕೊಬ್ಬಿನಲ್ಲಿ ಒಂದು ಬಗೆಯ ಬ್ರೋಮಿನ್ ರಾಸಾಯನಿಕ ಸಿಕ್ಕಿತು. ಅದು ಆ ಹಕ್ಕಿಗಳು ತಿನ್ನುವ ಮೀನುಗಳಲ್ಲಿ ಇರಲಿಲ್ಲ. ಅವುಗಳ ಹೊಟ್ಟೆಯಲ್ಲಿದ್ದ ಪ್ಲಾಸ್ಟಿಕ್ ತುಂಡುಗಳಲ್ಲಿತ್ತು. ಬೆಂಕಿ ಹತ್ತದಿರಲೆಂದು ತಯಾರಿಸುವಾಗಲೇ ಬೆರೆಸಿದ್ದು ಅದು. ಅಲ್ಲಿಗೆ ಮಾತೋ ಅವರ ಹಳೆಯ ವ್ಯತ್ಯಾಸ ಮತ್ತೆ ಬಂತು: ಹೊರಗಿನಿಂದ ಹತ್ತಿದ್ದಕ್ಕಿಂತ ಒಳಗೇ ಇದ್ದದ್ದು ಕೆಲವೊಮ್ಮೆ ದೊಡ್ಡ ಅಪರಾಧಿ.

ಇದಕ್ಕೆ ಅತ್ಯಂತ ಕಠೋರ ಉದಾಹರಣೆ ಸಿಯಾಟಲ್ ಕಡೆಯ ಹೊಳೆಗಳಲ್ಲಿ ಸಿಕ್ಕಿತು. ಅಲ್ಲಿ ಮೊಟ್ಟೆಯಿಡಲು ಸಮುದ್ರದಿಂದ ಹೊಳೆಗೆ ಬರುವ ಕೋಹೋ ಸಾಲ್ಮನ್ ಮೀನುಗಳು ಮಳೆ ಬಂದ ಕೂಡಲೇ ಗುಂಪುಗುಂಪಾಗಿ ಸಾಯುತ್ತಿದ್ದವು. ವರ್ಷಗಟ್ಟಲೆ ಕಾರಣ ತಿಳಿದಿರಲಿಲ್ಲ. 2020ರ ಡಿಸೆಂಬರಿನಲ್ಲಿ ಉತ್ತರ ಸಿಕ್ಕಿತು. ಟಯರು ಬಿರಿಯದಿರಲೆಂದು ರಬ್ಬರಿಗೆ 6ಪಿಪಿಡಿ ಎಂಬುದನ್ನು ಸೇರಿಸುತ್ತಾರೆ. ಅದು ಗಾಳಿಯ ಓಝೋನ್ ಜೊತೆ ಸೇರಿ ಇನ್ನೊಂದು ವಸ್ತುವಾಗುತ್ತದೆ. ರಸ್ತೆಯಲ್ಲಿ ಸವೆದ ಟಯರಿನ ಪುಡಿಯಿಂದ ಮಳೆನೀರಿನ ಜೊತೆ ಅದು ಹೊಳೆಗೆ ಇಳಿದು ಮೀನನ್ನು ಕೊಲ್ಲುತ್ತಿತ್ತು.

ನಮ್ಮ ಸಮುದ್ರಕ್ಕೆ ಬರೋಣ. 2021ರ ಮೇ ತಿಂಗಳಲ್ಲಿ ಗುಜರಾತಿನ ಹಜೀರಾದಿಂದ ಕೊಲಂಬೊಗೆ ಹೋದ ಎಕ್ಸ್‌ಪ್ರೆಸ್ ಪರ್ಲ್ ಹಡಗಿಗೆ ಬೆಂಕಿ ಬಿತ್ತು. ನೈಟ್ರಿಕ್ ಆಮ್ಲ ಸೋರುತ್ತಿದ್ದ ಹಡಗು ಅದು. ಸುಮಾರು 1680 ಟನ್ ದಾಣಾ ಶ್ರೀಲಂಕಾದ ತೀರಕ್ಕೆ ಚೆಲ್ಲಿತು, ಒಂದಿಷ್ಟು ಬಿಳಿಯಾಗಿ, ಒಂದಿಷ್ಟು ಸುಟ್ಟು ಕರಿಕಾಗಿ. ಬಿಳಿಯದು ಮುಂದೆ ವಿಷ ಹೀರುವ ಕಾಳು. ಕರಿಕಾದದ್ದು ಸುಡುವಾಗಲೇ ವಿಷ ಹುಟ್ಟಿಸಿಕೊಂಡದ್ದು. ಆಮೇಲೆ 2025ರ ಮೇ 25ರಂದು ಕೊಚ್ಚಿಯ ಹತ್ತಿರ ಎಂಎಸ್‌ಸಿ ಎಲ್ಸಾ 3 ಎಂಬ ಹಡಗು 640 ಕಂಟೇನರುಗಳ ಜೊತೆ ಮುಳುಗಿತು. ತಿರುವನಂತಪುರದ ಬೀಚುಗಳಲ್ಲಿ ಸ್ವಯಂಸೇವಕರು ಜರಡಿ ಹಿಡಿದು ಮರಳು ಸೋಸುವುದನ್ನು ನೀವೂ ಟಿವಿಯಲ್ಲಿ ನೋಡಿರಬಹುದು. ಜಗತ್ತಿನ ದೇಶಗಳೆಲ್ಲ ಸೇರಿ ಪ್ಲಾಸ್ಟಿಕ್ ಒಪ್ಪಂದ ಮಾಡಿಕೊಳ್ಳೋಣ ಎಂದು 2022ರಲ್ಲಿ ನೈರೋಬಿಯಲ್ಲಿ ನಿರ್ಧರಿಸಿದ್ದರು. 2025ರ ಆಗಸ್ಟಿನಲ್ಲಿ ಜಿನೀವಾದಲ್ಲೂ ಅದು ಕೂಡಿಬರಲಿಲ್ಲ. ಪ್ಲಾಸ್ಟಿಕ್ಕಿನೊಳಗೆ ಬೆರೆಸುವ ರಾಸಾಯನಿಕಗಳನ್ನು ಒಪ್ಪಂದದಲ್ಲಿ ಸೇರಿಸಬೇಕೇ ಬೇಡವೇ ಎಂಬುದೂ ಜಗಳದ ಒಂದು ಕಾರಣ.

ಈ ವರ್ಷದ ಸಂಕ್ರಾಂತಿ ಕಾರ್ಯಕ್ರಮದಲ್ಲಿ ಎಳ್ಳುಬೆಲ್ಲ ಕೊಡುವ ನೆಪದಲ್ಲಿ ಆ ಹಿರಿಯರ ಪಕ್ಕ ಹೋಗಿ ಕುಳಿತೆ. "ಮೂರನೇ ಬಾಣ ಅಳೆದಿದ್ದಾರೆ ಅಕ್ಕ. ನಾನು ಬರೆದಷ್ಟು ದಪ್ಪ ಇಲ್ಲ" ಎಂದೆ. ಈವರೆಗಿನ ಲೆಕ್ಕದಲ್ಲಿ ಪ್ಲಾಸ್ಟಿಕ್ಕಿಗೆ ಅಂಟಿ ಬರುವ ಪಿಸಿಬಿ, ಡಿಡಿಟಿಗೆ ಹೆದರಿ ಬಂಗುಡೆ ಬಿಡಬೇಕಾಗಿಲ್ಲ; ಚೂರು ಹೆಚ್ಚಾಗಿ ಸಿಗುವುದು ಹೊಟ್ಟೆಯಲ್ಲಿ, ಅದನ್ನು ನಾವು ತೆಗೆದು ಬಿಸಾಡುತ್ತೇವೆ; ಮರುವಾಯಿ, ಇಡಿಯಾಗಿ ತಿನ್ನುವ ಸಣ್ಣ ಒಣಮೀನು ಇವುಗಳಲ್ಲಿ ಮಾತ್ರ ಚೂರೂ ನಮ್ಮ ಹೊಟ್ಟೆಗೆ ಬರುತ್ತದೆ; ಪ್ಲಾಸ್ಟಿಕ್ಕಿನ ಒಳಗಿನ ರಾಸಾಯನಿಕಗಳ ಲೆಕ್ಕ ಇನ್ನೂ ಮುಗಿದಿಲ್ಲ ಎಂದೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. "ಮತ್ತೆ ಆವತ್ತು ಅಷ್ಟು ಜನರ ಎದುರು ಹೇಳಿದೆಯಲ್ಲ, ಇದನ್ನೂ ಅಷ್ಟೇ ಜನರ ಎದುರು ಹೇಳಬೇಕು" ಎಂದರು. ಈ ಲೇಖನ ಅದಕ್ಕಾಗಿ.

ಮಗಳು ಹೆಕ್ಕಿದ ದಾಣಾಗಳು ಫಾಯಿಲಿನಲ್ಲಿ ಸುತ್ತಿ ನಮ್ಮ ಪುಸ್ತಕದ ಕಪಾಟಿನಲ್ಲಿವೆ. ಹಳದಿಯವನ್ನು ಬೇರೆ ಮಾಡಿದ್ದೇವೆ, ಅರವತ್ತಮೂರು ಆಗಿವೆ. ಟೋಕಿಯೋಗೆ ಕಳಿಸಲು ಇನ್ನೂ ಬೇಕು. ಮಳೆಗಾಲದ ಅಬ್ಬರದಲ್ಲಿ ಸಮುದ್ರ ಹೊರಗೆ ಹಾಕುವಷ್ಟು ಬೇರೆ ಯಾವಾಗಲೂ ಹಾಕುವುದಿಲ್ಲ ಎಂದು ಹೇಳಿದವರು ಅದೇ ಅಕ್ಕ. ಆಗಸ್ಟಿನ ಒಂದು ಭಾನುವಾರ ಬೆಳಿಗ್ಗೆ ಅವರೂ ಬರುತ್ತೇನೆ ಎಂದಿದ್ದಾರೆ. ಇಳಿತದ ಹೊತ್ತು ನೋಡಿ ಅವರೇ ದಿನ ಹೇಳುತ್ತಾರಂತೆ.